ಪುಣೆಯಲ್ಲಿದ್ದುಕೊಂಡು ಮಿಷಿಗನ್ ರಾಜ್ಯದ ಇತಿಹಾಸವನ್ನು ಓದುವ ಕ್ರಮ

ಅಮೆರಿಕದ ಇತಿಹಾಸವನ್ನು ಅಧ್ಯಕ್ಷರ ಪಟ್ಟಿ ಮತ್ತು ಯುದ್ಧಗಳ ಇಸವಿಗಳ ಮೂಲಕ ಓದಿದವರಿಗೆ ಆ ದೇಶದ ಜನ ಹೇಗೆ ದುಡಿದರು, ಎಲ್ಲಿ ವಾಸಿಸಿದರು, ಏಕೆ ಊರು ಬಿಟ್ಟರು ಎಂಬುದು ತಿಳಿಯುವುದೇ ಇಲ್ಲ. ಅದನ್ನು ತಿಳಿಯಬೇಕಾದರೆ ಒಂದೇ ರಾಜ್ಯವನ್ನು ಹಿಡಿದು ಕೂರಬೇಕು. ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಬಂದು ಪಿಂಪ್ರಿ, ಭೋಸರಿ, ಚಾಕಣಗಳ ಕಾರ್ಖಾನೆಗಳನ್ನು ನಂಬಿ ನೆಲೆಸಿದ ಕುಟುಂಬಗಳ ಕನ್ನಡಿಗ ವಿದ್ಯಾರ್ಥಿಗಳಿಗೆ ನಾನು ಸೂಚಿಸುವ ರಾಜ್ಯ, ಅಮೆರಿಕದ ಕಾರು ಉದ್ಯಮದ ತವರಾದ ಮಿಷಿಗನ್. ವಾಹನ ಉದ್ಯಮ ಒಂದು ಊರನ್ನು ಹೇಗೆ ಕಟ್ಟುತ್ತದೆ ಎಂಬ ಅರಿವು ಅವರಿಗೆ ಮನೆಯಲ್ಲೇ ದೊರೆತಿರುತ್ತದೆ. ಓದುವಾಗ ಮೂರು ಪ್ರಶ್ನೆಗಳನ್ನು ಬಿಡಬಾರದು: ಕೆಲಸಕ್ಕೆ ಯಾರು ಬಂದರು, ಅವರಿಗೆ ಎಲ್ಲಿ ವಾಸಿಸಲು ಬಿಟ್ಟರು, ಕೊನೆಗೆ ಆ ಕೆಲಸ ಎಲ್ಲಿಗೆ ಹೋಯಿತು.

ಕಾರಿನಿಂದ ಓದು ಶುರುಮಾಡಬೇಡಿ. ಮೊದಲು ನಕಾಶೆ ತೆಗೆದು ಸರೋವರಗಳನ್ನು ನೋಡಿ. 1825ರಲ್ಲಿ ಹಡ್ಸನ್ ನದಿಯನ್ನು ಈ ಸರೋವರಗಳಿಗೆ ಜೋಡಿಸುವ ಈರಿ ಕಾಲುವೆ ತೆರೆದ ಮೇಲೆ ಪೂರ್ವದ ಜನ ಸುಲಭವಾಗಿ ಇತ್ತ ಬರುವಂತಾಯಿತು. 1837ರ ಜನವರಿ 26ರಂದು, ಅಂದರೆ ನಮ್ಮ ಗಣರಾಜ್ಯ ದಿನದ ತಾರೀಖಿನಂದೇ, ಮಿಷಿಗನ್ ಒಕ್ಕೂಟದ 26ನೇ ರಾಜ್ಯವಾಯಿತು. ಓಹಾಯೊದೊಂದಿಗಿನ ಗಡಿ ತಂಟೆಯಲ್ಲಿ ಟೊಲೆಡೊ ಪಟ್ಟಿಯನ್ನು ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ದೊರೆತ ಮೇಲಿನ ಪರ್ಯಾಯ ದ್ವೀಪದಲ್ಲಿ ತಾಮ್ರವೂ ಕಬ್ಬಿಣದ ಅದಿರೂ ಹೇರಳವಾಗಿದ್ದವು. ಕೆಳಗಿನ ಪರ್ಯಾಯ ದ್ವೀಪದ ಬಿಳಿ ಪೈನ್ ಕಾಡು ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಬಹುಪಾಲು ಕಡಿದುಹೋಯಿತು. ಮರದ ವ್ಯಾಪಾರದಲ್ಲಿ ಗಳಿಸಿದ ಬಂಡವಾಳ, ಫ್ಲಿಂಟ್‌ನ ಕುದುರೆಗಾಡಿ ಕಾರ್ಖಾನೆಗಳು, ರಾಜ್ಯದ ಅತಿ ದೊಡ್ಡ ನಗರವಾದ ಡೆಟ್ರಾಯಿಟ್‌ನ ಯಂತ್ರ ಕಾರ್ಯಾಗಾರಗಳು, ಇವೆಲ್ಲ ಮೊದಲೇ ಇದ್ದುದರಿಂದಲೇ ಕಾರು ಅಲ್ಲಿ ಬೇರೂರಿತು. 1908ರಲ್ಲಿ ಜನರಲ್ ಮೋಟಾರ್ಸ್ ಸ್ಥಾಪಿಸಿದ ವಿಲಿಯಂ ಡ್ಯುರಂಟ್ ಅದಕ್ಕೂ ಮೊದಲು ಫ್ಲಿಂಟ್‌ನ ಕುದುರೆಗಾಡಿ ಉದ್ಯಮಿಯಾಗಿದ್ದ.

ಎರಡನೆಯ ಕೆಲಸವೆಂದರೆ ಕೈಯಾರೆ ಒಂದು ಕೋಷ್ಟಕ ಬರೆಯುವುದು. ಅಮೆರಿಕದ ಜನಗಣತಿ ಇಲಾಖೆಯ ಹಳೆಯ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಡೆಟ್ರಾಯಿಟ್ ನಗರಕ್ಕೊಂದು, ಇಡೀ ರಾಜ್ಯಕ್ಕೊಂದು ಸಾಲು ಹಾಕಿ ಹತ್ತು ವರ್ಷಗಳಿಗೊಮ್ಮೆ ಅಂಕಿ ತುಂಬಿರಿ. ನಗರದ ಜನಸಂಖ್ಯೆ 1900ರಲ್ಲಿ 2,85,704 ಇದ್ದದ್ದು 1930ಕ್ಕೆ 15,68,662 ಆಗಿ, 1950ರಲ್ಲಿ 18,49,568ಕ್ಕೆ ಮುಟ್ಟಿ, 2020ರಲ್ಲಿ 6,39,111ಕ್ಕೆ ಕುಸಿಯಿತು. ಇಷ್ಟನ್ನೇ ನೋಡಿದವರು ಮಿಷಿಗನ್ನೇ ಬರಿದಾಯಿತೆಂದು ತಿಳಿಯುತ್ತಾರೆ. ರಾಜ್ಯದ ಸಾಲು ಬೇರೆಯೇ ಕತೆ ಹೇಳುತ್ತದೆ: 1950ರಲ್ಲಿ ಸುಮಾರು 64 ಲಕ್ಷವಿದ್ದ ಜನ 2000ದ ಹೊತ್ತಿಗೆ 99 ಲಕ್ಷ ದಾಟಿದ್ದರು. ನಗರ ಬರಿದಾಗುತ್ತಿದ್ದಾಗ ಅದರ ಸುತ್ತಲಿನ ಉಪನಗರಗಳು ತುಂಬುತ್ತಿದ್ದವು. ರಾಜ್ಯದ ಜನಸಂಖ್ಯೆಯೇ ಇಳಿದದ್ದು 2000 ಮತ್ತು 2010ರ ನಡುವೆ, ಆ ದಶಕದಲ್ಲಿ ಹಾಗೆ ಇಳಿದ ಏಕೈಕ ರಾಜ್ಯ ಅದು. ಮುಂದೆ ಓದುವ ಪ್ರತಿಯೊಂದು ವಾದವನ್ನೂ ಈ ಕೋಷ್ಟಕಕ್ಕೆ ತಾಳೆ ಹಾಕಿ ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು.

ಇನ್ನು ಕೂಲಿಯ ವಿಷಯ. ಇಲ್ಲಿ ಅವಸರ ಮಾಡಬಾರದು. 1913ರಲ್ಲಿ ಹೈಲ್ಯಾಂಡ್ ಪಾರ್ಕ್‌ನ ಫೋರ್ಡ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂದ ಮೇಲೆ, ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಚಾಸಿ (ಕಾರಿನ ಅಡಿಚೌಕಟ್ಟು) ಜೋಡಣೆ ಕೆಲವೇ ತಿಂಗಳುಗಳಲ್ಲಿ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಆದರೆ ಒಂದೇ ತಿರುಪನ್ನು ದಿನವಿಡೀ ಬಿಗಿಯುವ ಆ ಕೆಲಸವನ್ನು ಜನ ಸಹಿಸಲಿಲ್ಲ. ಸುಮಾರು 14,000 ಮಂದಿಯನ್ನು ಉಳಿಸಿಕೊಳ್ಳಲು ಕಂಪನಿ ಒಂದೇ ವರ್ಷದಲ್ಲಿ 52,000ಕ್ಕೂ ಹೆಚ್ಚು ಮಂದಿಯನ್ನು ನೇಮಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ಎಂಟು ತಾಸಿನ ದುಡಿಮೆಗೆ ದಿನಕ್ಕೆ ಐದು ಡಾಲರ್ ಎಂದು ಘೋಷಿಸಿದ್ದು ಈ ಕಾರಣಕ್ಕಾಗಿ. ಅದನ್ನು ಬರೀ ಔದಾರ್ಯವೆಂದು ಬರೆಯುವ ಪುಸ್ತಕವನ್ನು ಎಚ್ಚರದಿಂದ ಓದಿ. ಆ ಐದು ಡಾಲರ್‌ನಲ್ಲಿ ಸುಮಾರು ಅರ್ಧ ಕೂಲಿ, ಉಳಿದದ್ದು ಲಾಭದ ಪಾಲು. ಆ ಪಾಲು ಸಿಗಬೇಕಾದರೆ ಕಂಪನಿಯ ಸಮಾಜ ವಿಭಾಗದ ತನಿಖಾಧಿಕಾರಿ ಕಾರ್ಮಿಕನ ಮನೆಗೆ ಬಂದು ಉಳಿತಾಯದ ಪುಸ್ತಕ ನೋಡಿ, ಮನೆಯ ಶುಚಿತ್ವ ನೋಡಿ, ಅವನು ಕುಡಿಯುತ್ತಾನೆಯೇ, ಮನೆಯಲ್ಲಿ ಹೊರಗಿನವರನ್ನು ಬಾಡಿಗೆಗೆ ಇಟ್ಟುಕೊಂಡಿದ್ದಾನೆಯೇ ಎಂದು ವಿಚಾರಿಸಿ ಒಪ್ಪಿಗೆ ಕೊಡಬೇಕಿತ್ತು. ಪೋಲೆಂಡ್, ಇಟಲಿ, ಸಿರಿಯಾಗಳಿಂದ ಬಂದವರು ಕಂಪನಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಯಬೇಕಿತ್ತು. ಕೂಲಿ ಏರಿದ್ದೂ ನಿಜ, ಅದರೊಂದಿಗೆ ಯಜಮಾನ ಕಾರ್ಮಿಕನ ಅಡುಗೆಮನೆಗೆ ಕಾಲಿಟ್ಟದ್ದೂ ನಿಜ. ಈ ಎರಡನ್ನೂ ಒಟ್ಟಿಗೆ ಗ್ರಹಿಸಿದವರಿಗೆ ಮುಂದಿನ ಇಪ್ಪತ್ತು ವರ್ಷಗಳ ಅಸಮಾಧಾನ ತಾನಾಗಿ ಅರ್ಥವಾಗುತ್ತದೆ.

ಮುಷ್ಕರಗಳು ಹಲವು, ಆದರೆ ಒಂದನ್ನು ಮಾತ್ರ ದಿನದಿನದ ಲೆಕ್ಕದಲ್ಲಿ ಓದಿದರೆ ಸಾಕು. 1936ರ ಡಿಸೆಂಬರ್ 30ರಂದು ಫ್ಲಿಂಟ್‌ನಲ್ಲಿ ಜನರಲ್ ಮೋಟಾರ್ಸ್ ಕಾರ್ಮಿಕರು ಕೆಲಸ ನಿಲ್ಲಿಸಿ ಕಾರ್ಖಾನೆಯ ಒಳಗೇ ಕುಳಿತರು. ಹೊರಗೆ ಧರಣಿ ಹೂಡಿದ್ದರೆ ಬೇರೆಯವರನ್ನು ತಂದು ಯಂತ್ರ ನಡೆಸಬಹುದಿತ್ತು. ಒಳಗೆ ಕುಳಿತವರನ್ನು ಎಬ್ಬಿಸಬೇಕಾದರೆ ಯಂತ್ರಗಳಿಗೇ ಅಪಾಯ. ಮಿಷಿಗನ್‌ನ ಚಳಿಯಲ್ಲಿ ಅವರ ಹೆಂಡಂದಿರು ಹೊರಗಿನಿಂದ ಊಟ ಒದಗಿಸಿದರು, ಪೊಲೀಸರ ಎದುರು ನಿಂತರು. ಆಗಷ್ಟೇ ಅಧಿಕಾರ ವಹಿಸಿಕೊಂಡಿದ್ದ ಗವರ್ನರ್ ಫ್ರಾಂಕ್ ಮರ್ಫಿ ಸೈನ್ಯವನ್ನು ಕರೆಸಿದರೂ ಕಾರ್ಮಿಕರನ್ನು ಹೊರದಬ್ಬಲು ಅದನ್ನು ಬಳಸಲಿಲ್ಲ. 44 ದಿನಗಳ ನಂತರ, ಫೆಬ್ರುವರಿ 11ರಂದು, ಕಂಪನಿ ಅವರ ಯೂನಿಯನ್ನನ್ನು ಮಾನ್ಯ ಮಾಡಿತು. 1989ರ ಟೆಲ್ಕೊ (ಇಂದಿನ ಟಾಟಾ ಮೋಟಾರ್ಸ್) ಮುಷ್ಕರ ಶನಿವಾರವಾಡಾದವರೆಗೆ ಬಂದದ್ದನ್ನು ಕಂಡ ಹಿರಿಯರು ಪುಣೆಯಲ್ಲಿ ಇನ್ನೂ ಇದ್ದಾರೆ. ಸರ್ಕಾರ ಯಾರ ಪರ ನಿಂತಿತು ಎಂಬ ಪ್ರಶ್ನೆಯನ್ನು ಎರಡೂ ಕಡೆ ಕೇಳಿ ನೋಡಿ.

ನನ್ನ ಮಟ್ಟಿಗೆ ಈ ಇತಿಹಾಸದ ನಡುಗಂಬ ಮನೆಯ ಪ್ರಶ್ನೆ, ಹೊಸ ಓದುಗರು ಅದನ್ನೇ ಹಾರಿಸಿಬಿಡುತ್ತಾರೆ. ಡೆಟ್ರಾಯಿಟ್‌ನಲ್ಲಿ ಕಪ್ಪು ಜನರ ಸಂಖ್ಯೆ 1910ರಲ್ಲಿ 5,741 ಇದ್ದದ್ದು 1930ಕ್ಕೆ 1,20,066 ಆಯಿತು. ದಕ್ಷಿಣದ ಹತ್ತಿ ಹೊಲಗಳಿಂದ ಬಂದ ಇವರಿಗೆ ಕಾರ್ಖಾನೆಯಲ್ಲಿ ಕೆಲಸವಿತ್ತು, ಬಹುತೇಕ ಬಡಾವಣೆಗಳಲ್ಲಿ ಮನೆ ಇರಲಿಲ್ಲ. ಕ್ರಯಪತ್ರದಲ್ಲೇ ಕಪ್ಪು ಜನರಿಗೆ ಮಾರಕೂಡದೆಂಬ ಷರತ್ತು ಬರೆಯುತ್ತಿದ್ದರು. ಎಂಟನೇ ಮೈಲಿ ರಸ್ತೆಯ ಬಳಿ ಬರ್ವುಡ್ ಬೀದಿಯ ಹಿಂದಿರುವ ಗೋಡೆಯ ಚಿತ್ರವನ್ನು ಹುಡುಕಿ ನೋಡಿ. ಕಪ್ಪು ಜನರ ಕೇರಿಯ ಪಕ್ಕದಲ್ಲಿ ಬಿಳಿಯರಿಗಾಗಿ ಬಡಾವಣೆ ಕಟ್ಟಲು ಹೊರಟವನಿಗೆ ಕೇಂದ್ರದ ವಸತಿ ಸಂಸ್ಥೆ ಸಾಲದ ಖಾತರಿ ಕೊಡಲೊಪ್ಪಲಿಲ್ಲ. 1941ರಲ್ಲಿ ಅವನು ಎರಡರ ನಡುವೆ ಆರು ಅಡಿ ಎತ್ತರದ, ಸುಮಾರು ಅರ್ಧ ಮೈಲಿ ಉದ್ದದ ಗೋಡೆ ಎಬ್ಬಿಸಿದ ಮೇಲೆ ಖಾತರಿ ದೊರೆಯಿತು. ಗೋಡೆ ಇಂದಿಗೂ ನಿಂತಿದೆ. ಅಮೆರಿಕದ ಜನಾಂಗಭೇದವನ್ನು ಕೆಲವರ ಕೆಟ್ಟ ಮನಸ್ಸಿನ ಫಲವೆಂದಷ್ಟೇ ತಿಳಿದವರು ಈ ಸಾಲದ ಕಾಗದಗಳ ಬಗ್ಗೆ ಓದಬೇಕು. ನಮ್ಮಲ್ಲಿ ಜಾತಿ ಕೇಳಿ ಬಾಡಿಗೆ ನಿರಾಕರಿಸುವುದನ್ನು ಕಂಡವರಿಗೆ ಇದು ದೂರದ ಸಂಗತಿ ಎನ್ನಿಸದು. ಆದರೆ ಅಲ್ಲಿ ಭೇದಕ್ಕೆ ಬ್ಯಾಂಕೂ ಸರ್ಕಾರವೂ ಮೊಹರು ಒತ್ತಿದ್ದವೆಂಬ ವ್ಯತ್ಯಾಸವನ್ನು ಗುರುತಿಸಿಕೊಳ್ಳಬೇಕು.

1967ರ ಜುಲೈನಲ್ಲಿ ನಡೆದ ದಂಗೆಯಲ್ಲಿ 43 ಮಂದಿ ಸತ್ತರು, ಅದರಿಂದಲೇ ಡೆಟ್ರಾಯಿಟ್ ಹಾಳಾಯಿತು ಎಂಬ ಮಾತು ಎಲ್ಲೆಡೆ ಸಿಗುತ್ತದೆ. ನಿಮ್ಮ ಕೋಷ್ಟಕ ಅದನ್ನು ಒಪ್ಪುವುದಿಲ್ಲ. ಜನಸಂಖ್ಯೆ 1950ರ ನಂತರವೇ ಇಳಿಯತೊಡಗಿತ್ತು, 1947ರಿಂದ 1963ರ ನಡುವೆ ನಗರ ಸುಮಾರು 1,34,000 ಕಾರ್ಖಾನೆ ಕೆಲಸಗಳನ್ನು ಕಳೆದುಕೊಂಡಿತ್ತು. ಕಂಪನಿಗಳು ಒಂದೇ ಅಂತಸ್ತಿನ ಹೊಸ ಕಾರ್ಖಾನೆಗಳನ್ನು ಉಪನಗರಗಳಲ್ಲೂ ಬೇರೆ ರಾಜ್ಯಗಳಲ್ಲೂ ಕಟ್ಟಿದವು. ಬಿಳಿಯ ಕಾರ್ಮಿಕ ಅವುಗಳ ಹಿಂದೆ ಹೋಗಿ ಮನೆ ಕೊಳ್ಳಬಹುದಿತ್ತು, ಕಪ್ಪು ಕಾರ್ಮಿಕನಿಗೆ ಆ ದಾರಿ ಮುಚ್ಚಿತ್ತು. 1974ರಲ್ಲಿ ಮಿಲಿಕನ್ ವಿರುದ್ಧ ಬ್ರ್ಯಾಡ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಒಂದೇ ಶಾಲೆಗಳಲ್ಲಿ ಕೂಡಿಸುವ ಯೋಜನೆಯನ್ನು ಉಪನಗರಗಳಿಗೆ ವಿಸ್ತರಿಸಲು 5–4ರ ಬಹುಮತದಿಂದ ನಿರಾಕರಿಸಿದಾಗ ನಗರಕ್ಕೂ ಉಪನಗರಗಳಿಗೂ ನಡುವಿನ ಗಡಿ ಇನ್ನಷ್ಟು ಗಟ್ಟಿಯಾಯಿತು. 1973ರ ತೈಲ ಬಿಕ್ಕಟ್ಟು, ಜಪಾನಿನ ಸಣ್ಣ ಕಾರುಗಳು ಇವೆಲ್ಲ ಆಮೇಲಿನ ಏಟುಗಳು. ಅವುಗಳ ಬಗ್ಗೆ ಸಾಮಗ್ರಿ ಎಲ್ಲಿ ಬೇಕಾದರೂ ಸಿಗುವುದರಿಂದ ವೇಗವಾಗಿ ಓದಿ ಮುಂದೆ ಹೋಗಬಹುದು.

ಇತ್ತೀಚಿನ ಭಾಗಕ್ಕೆ ಪತ್ರಿಕೆಗಳೇ ಆಧಾರ. 2009ರ ಜೂನ್ 1ರಂದು ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿತು, 2013ರ ಜುಲೈನಲ್ಲಿ ಡೆಟ್ರಾಯಿಟ್ ನಗರವೇ ಹಾಕಿತು. 2014ರ ಏಪ್ರಿಲ್‌ನಲ್ಲಿ ರಾಜ್ಯ ನೇಮಿಸಿದ ಆಡಳಿತಗಾರರ ಕೈಯಲ್ಲಿದ್ದ ಫ್ಲಿಂಟ್ ಖರ್ಚು ಉಳಿಸಲೆಂದು ನದಿಯ ನೀರಿಗೆ ಬದಲಾಯಿಸಿಕೊಂಡು, ಕೊಳವೆಗಳ ಸವೆತ ತಡೆಯುವ ರಾಸಾಯನಿಕ ಬೆರೆಸದೆ, ಮನೆಮನೆಗೆ ಸೀಸ ಕುಡಿಸಿತು. ಚುನಾಯಿತ ನಗರಸಭೆಯ ಅಧಿಕಾರ ಆಗ ಯಾರ ಕೈಯಲ್ಲಿತ್ತು ಎಂಬುದನ್ನು ಇಲ್ಲಿ ತಪ್ಪದೆ ಗುರುತುಹಾಕಿಕೊಳ್ಳಿ.

ಕೆಲಸ ಎಲ್ಲಿಗೆ ಹೋಯಿತು ಎಂಬ ಮೂರನೆಯ ಪ್ರಶ್ನೆಯ ಒಂದು ಉತ್ತರ ಪುಣೆ ಬಳಿಯ ನಮ್ಮ ತಳೆಗಾವಿನಲ್ಲೇ ಇದೆ. ಅದೇ ಜನರಲ್ ಮೋಟಾರ್ಸ್ 2008ರಲ್ಲಿ ಅಲ್ಲಿ ಕಾರ್ಖಾನೆ ತೆರೆದು, 2017ರಲ್ಲಿ ಭಾರತದಲ್ಲಿ ಕಾರು ಮಾರುವುದನ್ನು ಬಿಟ್ಟು, 2020ರ ಕೊನೆಗೆ ಉತ್ಪಾದನೆಯನ್ನೂ ನಿಲ್ಲಿಸಿತು. ಆ ಜಾಗವನ್ನು ಹ್ಯುಂಡೈ ಕೊಂಡಿದೆ. ಕೋಷ್ಟಕದಲ್ಲಿ ತಳೆಗಾವಿಗೂ ಒಂದು ಸಾಲು ಸೇರಿಸಿ. ಅಲ್ಲಿ ದುಡಿದವರು ಸಿಕ್ಕರೆ ಯಾವ ವಿಭಾಗ, ಕಾಯಂ ಕೆಲಸವೋ ಗುತ್ತಿಗೆಯೋ, ಮೊದಲ ಸಂಬಳವೆಷ್ಟು, ಕೆಲಸ ಹೋದ ಮೇಲೆ ಬಾಡಿಗೆ ಮನೆ ಬಿಡಬೇಕಾಯಿತೇ ಎಂದು ಕೇಳಿ, ಅವರ ಒಪ್ಪಿಗೆ ಪಡೆದು, ಅವರದೇ ಮಾತಿನಲ್ಲಿ ತಾರೀಖು ಹಾಕಿ ಬರೆದಿಡಿ.