ಸೆಕೆಂಡ್ ಹ್ಯಾಂಡ್ ಕಾರು ತಿಂಗಳೊಳಗೆ ಕೈ ಕೊಟ್ಟರೆ: ಮೊದಲು ಬಾನೆಟ್ ಮುಚ್ಚಿ

ಕಾರು ತಗೊಂಡು ಹದಿನೆಂಟು ದಿನ ಆಗಿತ್ತು. ಸುಬ್ರಹ್ಮಣ್ಯಕ್ಕೆ ಹೋಗಿ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಿ, ಇನ್ನೇನು ಮಾರನಹಳ್ಳಿ ಬಂತು ಅನ್ನುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗಿ ಕೂತಿತು. ಹಿಂದೆ ಲಾರಿಗಳ ಸಾಲು. ಹೇಗೋ ಪಕ್ಕಕ್ಕೆ ಹಾಕಿ, ಒಂದು ಗಂಟೆ ಆರಲು ಬಿಟ್ಟು, ಆಯಿಲ್ ಮುಚ್ಚಳ ತೆಗೆದರೆ ಒಳಗೆ ಹಾಲು ಜಾಸ್ತಿಯಾದ ಕಾಫಿ ಥರ ನೊರೆ. ನಮ್ಮ ಕಡೆ ಮಳೆ-ಚಳಿಗೆ ಮುಚ್ಚಳದಲ್ಲಿ ಸ್ವಲ್ಪ ತೇವ ಹಿಡಿದು ನೊರೆ ಕಟ್ಟೋದು ಬೇರೆ. ಇಲ್ಲಿ ಎಂಜಿನ್ ತಣ್ಣಗಿಡುವ ಕೂಲಂಟ್‌ನ ಡಬ್ಬಿಯೂ ಖಾಲಿ. ಅಂದರೆ ಕೂಲಂಟ್ ಹೋಗಿ ಆಯಿಲ್ ಸೇರಿದೆ, ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಅದರ ಕಥೆ ಮುಗಿದಿದೆ.

ಹಾಸನದ ಡೀಲರ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ. "ಸಾರ್, ಸೆಕೆಂಡ್ ಹ್ಯಾಂಡ್ ಗಾಡಿ. ನೀವೇ ಓಡಿಸಿ ನೋಡಿ ತಗೊಂಡಿದ್ದೀರಿ. ನಮ್ಮ ಗೇಟ್ ದಾಟಿದ ಮೇಲೆ ನಮಗೂ ಗಾಡಿಗೂ ಸಂಬಂಧ ಇಲ್ಲ" ಅಂದ.

ಸಂಬಂಧ ಇದೆ. ಎಷ್ಟು ಇದೆ ಅನ್ನೋದು ಮಾತ್ರ ಕೆಟ್ಟ ದಿನದಿಂದ ಒಂದು ವಾರ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಬಹಳ ಜನ ತಪ್ಪು ಮಾಡೋದು ಅಲ್ಲೇ. ನಮ್ಮ ಭಾವನೂ ಅದನ್ನೇ ಹೇಳಿದರು: "ನಮ್ಮ ಮೆಕ್ಯಾನಿಕ್ ಹತ್ರ ತಳ್ಕೊಂಡು ಹೋಗೋಣ, ಎರಡು ದಿನದಲ್ಲಿ ಹೆಡ್ ಇಳಿಸಿ ಕೊಡ್ತಾನೆ, ಆಮೇಲೆ ಬಿಲ್ ಅವನ ಮುಖಕ್ಕೆ ಹಿಡಿಯೋಣ." ಕೇಳಲು ಚೆನ್ನಾಗಿದೆ. ಆದರೆ ಎಂಜಿನ್ ಬಿಚ್ಚಿದ ಕ್ಷಣವೇ ಸಾಕ್ಷಿ ಹೋಯಿತು. ಡೀಲರ್ ಆರಾಮಾಗಿ ಹೇಳಬಹುದು, "ನಾನು ಕೊಟ್ಟಾಗ ಚೆನ್ನಾಗಿತ್ತು, ನಿಮ್ಮ ಮೆಕ್ಯಾನಿಕ್ಕೇ ಹಾಳು ಮಾಡಿದ" ಅಂತ. ಅದಕ್ಕೇ ಬಾನೆಟ್ ಮುಚ್ಚಿ ಅಂದಿದ್ದು.

ಗಾಡಿ ನಿಂತ ಜಾಗದಲ್ಲೇ ವಿಡಿಯೋ ಮಾಡಿ. ಮುಳ್ಳು, ಹೊಗೆ, ಆಯಿಲ್ ಮುಚ್ಚಳ, ಮೀಟರ್‌ನಲ್ಲಿ ಎಷ್ಟು ಕಿಲೋಮೀಟರ್ ಆಗಿದೆ, ನಂಬರ್ ಪ್ಲೇಟ್, ಎಲ್ಲ ಒಂದೇ ಶಾಟ್‌ನಲ್ಲಿ ಬಂದರೆ ಒಳ್ಳೆಯದು. ಆಮೇಲೆ ಓಡಿಸಬೇಡಿ. ಬಿಸಿಯಾದ ಎಂಜಿನ್ನನ್ನು "ಸಕಲೇಶಪುರದವರೆಗೆ ಹೇಗಾದ್ರೂ ಎಳೆಯೋಣ" ಅಂತ ಓಡಿಸಿದರೆ ಸಿಲಿಂಡರ್ ಹೆಡ್ ಬಾಗುತ್ತದೆ, ಆ ತಪ್ಪು ನಿಮ್ಮ ತಲೆಗೇ ಬರುತ್ತದೆ. ಟೋಯಿಂಗ್ ಗಾಡಿ ಕರೆಸಿ, ರಸೀದಿ ಕೇಳಿ ಇಸ್ಕೊಳ್ಳಿ. ನೇರ ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಹಾಕಿ, ರಿಪೇರಿ ಬೇಡ, ಬರೀ ತಪಾಸಣೆ ಮತ್ತು ಎಸ್ಟಿಮೇಟ್ ಸಾಕು ಅನ್ನಿ. ಏನು ಹೋಗಿದೆ, ಎಷ್ಟು ಖರ್ಚು, ಮತ್ತೆ ಈ ದೋಷ ಹದಿನೈದು ಇಪ್ಪತ್ತು ದಿನದಲ್ಲಿ ಹುಟ್ಟುವಂಥದ್ದೋ ಮೊದಲಿಂದಲೇ ಇದ್ದಿದ್ದೋ, ಈ ಮೂರನ್ನೂ ಬರೆದು ಸೀಲ್ ಹಾಕಿ ಕೊಡಲು ಕೇಳಿ. ಮೂರನೇದಕ್ಕೆ ಸರ್ವಿಸ್ ಅಡ್ವೈಸರ್ ಹಿಂಜರಿಯುತ್ತಾರೆ, ಬಿಡಬೇಡಿ. ನನಗೆ ಬರೆದುಕೊಟ್ಟಿದ್ದು ಒಂದೇ ಸಾಲು: ರೇಡಿಯೇಟರ್‌ನಲ್ಲಿ ಲೀಕ್ ಮುಚ್ಚುವ ಪುಡಿ ಸಿಕ್ಕಿದೆ. ಆ ಪುಡಿ ನಾನಂತೂ ಹಾಕಿರಲಿಲ್ಲ. ಲೀಕ್ ಇರೋದು ಗೊತ್ತಿದ್ದವರು ಯಾರೋ ಹಾಕಿದ್ದರು.

ಈಗ ಮಾರಿದವರು ಯಾರು ಅಂತ ನೋಡಿ, ದಾರಿ ಕವಲೊಡೆಯೋದು ಇಲ್ಲೇ. ವ್ಯಾಪಾರ ಮಾಡುವ ಡೀಲರ್ ಆದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ನಿಮ್ಮ ಕೈಯಲ್ಲಿದೆ. ಹಳೇ ಗಾಡಿ ಅಂದ ಮಾತ್ರಕ್ಕೆ ಈ ಕಾಯ್ದೆಯಿಂದ ಹೊರಗಿಲ್ಲ. ಚಿಕ್ಕಮಗಳೂರಿನ ಯಾರೋ ಮೇಷ್ಟ್ರು ತಮ್ಮ ಸ್ವಂತ ಕಾರನ್ನು ಮಾರಿದ್ದರೆ ಅವರು ವ್ಯಾಪಾರಿ ಅಲ್ಲ, ಗ್ರಾಹಕ ಆಯೋಗ ಸಾಮಾನ್ಯವಾಗಿ ಅಲ್ಲಿಗೆ ಬರುವುದಿಲ್ಲ. ಅವರು ಗೊತ್ತಿದ್ದೂ ಸುಳ್ಳು ಹೇಳಿದ್ದರೆ ಕರಾರು ಕಾಯ್ದೆ, 1872ರ ಕೆಳಗೆ ಸಿವಿಲ್ ಕೋರ್ಟಿಗೆ ಹೋಗಬೇಕು. ನಡುವೆ ಬ್ರೋಕರ್ ಇದ್ದು, ಕಮಿಷನ್ ತಗೊಂಡಿದ್ದರೆ ಅವನು ಸೇವೆಗೆ ದುಡ್ಡು ಪಡೆದಿದ್ದಾನೆ, ಅವನನ್ನೂ ಎಳೆಯಬಹುದು. ಆದರೆ ಕಮಿಷನ್ ಕೈಯಲ್ಲಿ ಕೊಟ್ಟಿದ್ದರೆ ಸಾಬೀತು ಮಾಡೋದು ಕಷ್ಟ. ಯುಪಿಐನಲ್ಲಿ ಹಾಕಿ ಅನ್ನೋದು ಇದಕ್ಕೇ. ಟ್ಯಾಕ್ಸಿ ಓಡಿಸಲು ತಗೊಂಡವರೂ ಗಾಬರಿಯಾಗಬೇಡಿ, ಸ್ವಂತ ಹೊಟ್ಟೆಪಾಡಿಗೆ ಸ್ವಯಂ ಉದ್ಯೋಗ ಅಂತ ತಗೊಂಡ ಒಂದು ಗಾಡಿ ಇದ್ದರೆ ನೀವೂ ಗ್ರಾಹಕರೇ.

ಬಿಲ್ ಇಲ್ವಾ? "ಬಿಲ್ ಬೇಕಂದ್ರೆ ಜಿಎಸ್‌ಟಿ ಜಾಸ್ತಿ ಆಗುತ್ತೆ ಸಾರ್" ಅಂತ ಹೆದರಿಸುತ್ತಾರೆ. ಹಳೇ ಕಾರಿನ ಡೀಲರ್ ಸಾಮಾನ್ಯವಾಗಿ 18% ಕಟ್ಟುವುದು ತಾನು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ, ಇಡೀ ಕಾರಿನ ಬೆಲೆ ಮೇಲೆ ಅಲ್ಲ. ಬಿಲ್ ಕೊಡದೇ ಇರೋದೇ ಕಾಯ್ದೆ ಪ್ರಕಾರ ಒಂದು ತಪ್ಪು. ಇನ್ನೊಂದು, 2023ರ ಏಪ್ರಿಲ್ 1ರಿಂದ ಹಳೇ ವಾಹನದ ಡೀಲರ್‌ಗಳು ಆರ್‌ಟಿಒದಿಂದ ಅಧಿಕಾರ ಪತ್ರ ತಗೊಳ್ಳಬೇಕು. ಅದನ್ನು ತೋರಿಸಿ ಅಂತ ಕೇಳಿ ನೋಡಿ, ಎದುರಿಗಿರುವವರ ದನಿ ಬದಲಾಗುತ್ತದೆ.

ಯಾವುದಕ್ಕೆ ಜಗಳ ಆಡಬೇಕು, ಯಾವುದಕ್ಕೆ ಬೇಡ ಅನ್ನೋದೂ ಗೊತ್ತಿರಲಿ. ಒಂದು ಲಕ್ಷ ಕಿಲೋಮೀಟರ್ ಓಡಿದ ಗಾಡಿಯ ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಬ್ಯಾಟರಿ, ಟಯರ್ ಹೋದರೆ ಸುಮ್ನೆ ಹಾಕಿಸಿಕೊಳ್ಳಿ, ಅದು ಸವಕಲು. ನೋಡಿದರೆ ಕಾಣುವಂತಿದ್ದ ತುಕ್ಕು, ಡೆಂಟ್‌ಗೂ ವಾದ ನಿಲ್ಲುವುದಿಲ್ಲ. ಸರಕು ಮಾರಾಟ ಕಾಯ್ದೆ, 1930 ಹೇಳೋದೂ ಅದನ್ನೇ: ಪರೀಕ್ಷೆ ಮಾಡಿದಾಗ ಕಾಣಬೇಕಿದ್ದ ದೋಷಕ್ಕೆ ಮಾರಿದವನು ಹೊಣೆ ಅಲ್ಲ. ಹೆಡ್ ಗ್ಯಾಸ್ಕೆಟ್ ಅರ್ಧ ಗಂಟೆ ಟೆಸ್ಟ್ ಡ್ರೈವ್‌ನಲ್ಲಿ, ಅದೂ ಹಾಸನದ ಬಿ.ಎಂ. ರಸ್ತೆಯಂಥ ಸಪಾಟು ರಸ್ತೆಯಲ್ಲಿ ಕಾಣಲ್ಲ. (ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಒಮ್ಮೆ ಹತ್ತಿಸಿ ನೋಡಿದ್ದರೆ ಕಂಡಿರುತ್ತಿತ್ತು. ಈಗ ಬುದ್ಧಿ ಬಂದಿದೆ.)

ಮುಚ್ಚಿಟ್ಟ ದೋಷ ಮತ್ತು ಸುಳ್ಳು, ಈ ಎರಡಕ್ಕೆ ಗಟ್ಟಿಯಾಗಿ ನಿಲ್ಲಿ. ಮೀಟರ್ ಹಿಂದೆ ತಿರುಗಿಸಿದ್ದಾರೆ ಅನ್ನುವ ಅನುಮಾನ ಇದ್ದರೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಹಳೇ ಸರ್ವಿಸ್ ದಾಖಲೆ ಕೇಳಿ. ಎರಡು ವರ್ಷದ ಹಿಂದೆಯೇ 90,000 ಓಡಿದ ಗಾಡಿ ಇವತ್ತು 52,000 ತೋರಿಸಿದರೆ ಮಾತು ಮುಗೀತು. ನೀರು ಕುಡಿದ ಗಾಡಿಯನ್ನು ಹಿಡಿಯೋದು ಹೀಗೆ: ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸೀಟು ತೊಳೆದಿರುತ್ತಾರೆ, ಮ್ಯಾಟ್ ಹೊಸದು ಹಾಕಿರುತ್ತಾರೆ, ಆದರೆ ಒಳಗೆ ಸುತ್ತಿಕೊಂಡಿರುವ ಆ ಕೊನೆಯ ಒಂದು ಮೊಳ ಬೆಲ್ಟಿನಲ್ಲಿ ಕೆಸರಿನ ಗೆರೆ ಹಾಗೇ ಇರುತ್ತದೆ. ಫೋಟೋ ತೆಗೀರಿ. "ನಾನ್ ಆಕ್ಸಿಡೆಂಟ್, ಸಿಂಗಲ್ ಓನರ್" ಅಂತ ಹಾಕಿದ್ದ ಜಾಹೀರಾತು ಅಳಿಸುವ ಮೊದಲೇ ಸ್ಕ್ರೀನ್‌ಶಾಟ್ ತಗೊಳ್ಳಿ.

ಆಮೇಲೆ ನೋಟಿಸ್. ಇದಕ್ಕೆ ವಕೀಲರು ಬೇಕೇ ಬೇಕು ಅಂತಿಲ್ಲ, ಕನ್ನಡದಲ್ಲೇ ಒಂದು ಪುಟ ಬರೆಯಿರಿ. ಯಾವ ದಿನ ಎಷ್ಟು ಕೊಟ್ಟು ತಗೊಂಡಿರಿ, ಆಗ ಏನೇನು ಹೇಳಿದ್ದರು, ಯಾವ ದಿನ ಎಷ್ಟು ಕಿಲೋಮೀಟರ್‌ಗೆ ಕೆಟ್ಟಿತು, ಸರ್ವಿಸ್ ಸೆಂಟರ್ ಏನು ಬರೆದಿದೆ. ಕೊನೆಗೆ ನಿಮಗೆ ಬೇಕಾಗಿದ್ದು ಏನು: ರಿಪೇರಿ ಖರ್ಚಾ, ಗಾಡಿ ವಾಪಸ್ ತಗೊಂಡು ದುಡ್ಡಾ. "ಈ ಪತ್ರ ತಲುಪಿದ 15 ದಿನದೊಳಗೆ ನಿಮ್ಮ ಕಡೆಯವರು ಬಂದು ಗಾಡಿ ಪರೀಕ್ಷಿಸಬಹುದು, ಅಲ್ಲಿಯವರೆಗೆ ಎಂಜಿನ್ ಬಿಚ್ಚುವುದಿಲ್ಲ" ಅನ್ನುವ ಸಾಲು ಮರೆಯಬೇಡಿ. ನಾಳೆ "ನಮಗೆ ನೋಡೋಕೇ ಬಿಡಲಿಲ್ಲ" ಅನ್ನಲು ಬಾಯಿ ಇರಲ್ಲ. ಕೆಟ್ಟಿದ್ದು ಒಂದು ತಿಂಗಳೊಳಗೆ ಆದರೆ ಇದನ್ನೂ ಸೇರಿಸಿ: ಬಿಲ್‌ನಲ್ಲಿ ಬೇರೆ ಅವಧಿ ಹೇಳಿರದಿದ್ದರೆ, ದೋಷ ಇರುವ ಮಾಲನ್ನು 30 ದಿನದೊಳಗೆ ವಾಪಸ್ ತಗೊಂಡು ಹಣ ಕೊಡಲು ಒಪ್ಪದೇ ಇರೋದನ್ನು 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತದೆ. ಅದಕ್ಕೇ ತಡ ಮಾಡಬೇಡಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ವಾಟ್ಸಾಪ್‌ನಲ್ಲೂ ಹಾಕಿ, ತಲುಪಿದ್ದಕ್ಕೆ ಬಂದ ಟ್ರ್ಯಾಕಿಂಗ್ ಪುಟ ಪ್ರಿಂಟ್ ತೆಗೆದಿಡಿ.

ಜೊತೆಗೇ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಆದೇಶ ಹೊರಡಿಸಲ್ಲ, ಮಾತುಕತೆಗೆ ತರಲು ನೋಡುತ್ತಾರೆ. ದೊಡ್ಡ ಆನ್‌ಲೈನ್ ಕಂಪನಿಯಿಂದ ತಗೊಂಡಿದ್ದರೆ ಇದು ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ಊರಿನ ಸಣ್ಣ ಡೀಲರ್‌ಗೆ ನೋಟಿಸೇ ಮದ್ದು.

ಬಗ್ಗಲಿಲ್ವಾ, ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ನಮ್ಮಲ್ಲಿ ಎಷ್ಟೋ ಜನ ಕಾರು ತರೋದು ಬೆಂಗಳೂರಿಂದ, ಕೆಟ್ಟರೆ "ಅಲ್ಲಿಗೆ ಯಾರು ಅಲೀತಾರೆ" ಅಂತ ಬಿಟ್ಟುಬಿಡುತ್ತಾರೆ. ಈಗ ಅಲೆಯಬೇಕಿಲ್ಲ. ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಡೀಲರ್ ಹಾಸನಕ್ಕೆ ಬರಲಿ. ಕೊಟ್ಟ ಬೆಲೆ 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ದೋಷ ಕಂಡ ದಿನದಿಂದ 2 ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ದಾಖಲಿಸಬಹುದು, ನೀವೇ ವಾದ ಮಾಡಬಹುದು. ವಕೀಲರು ಬೇಕು, ಕೈಯಲ್ಲಿ ಕಾಸಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತವಾಗಿ ಕೊಡುತ್ತಾರೆ. ವಾಟ್ಸಾಪ್ ಚಾಟ್, ವಿಡಿಯೋ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ (ಡಿಜಿಟಲ್ ದಾಖಲೆಯನ್ನು ಸಾಕ್ಷಿಯಾಗಿ ಕೊಡುವಾಗ ಜೊತೆಗಿಡುವ ದೃಢೀಕರಣ) ಲಗತ್ತಿಸಿ, ಇದನ್ನು ಮರೆತು ಆಮೇಲೆ ಪೇಚಾಡುವವರೇ ಹೆಚ್ಚು. ಎದುರಿನವರು 30 ದಿನದಲ್ಲಿ ಉತ್ತರ ಕೊಡಬೇಕು, ಆಯೋಗ ಒಪ್ಪಿದರೆ ಇನ್ನೂ 15 ದಿನ ಸಿಗುತ್ತದೆ. ಕೇಸು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಎಳೆಯುತ್ತದೆ ಅಂತಲೇ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ.

ಈ ಗಲಾಟೆಯಲ್ಲಿ ಆರ್‌ಸಿ ಮರೆಯಬೇಡಿ. ಫಾರಂ 29, 30 ಹಾಕಿ ನಿಮ್ಮ ಹೆಸರಿಗೆ ಮಾಡಿಸಿ. ಇನ್ಶೂರೆನ್ಸನ್ನೂ 14 ದಿನದೊಳಗೆ ವರ್ಗಾಯಿಸಲು ಅರ್ಜಿ ಕೊಡಿ.

ನನ್ನ ವಿಷಯ ಆಯೋಗದವರೆಗೆ ಹೋಗಲಿಲ್ಲ. ನೋಟಿಸ್ ತಲುಪಿದ ಹನ್ನೊಂದನೇ ದಿನ ಡೀಲರ್ ಕಡೆಯವರು ಬಂದು ಗಾಡಿ ನೋಡಿದರು, ಪುಡಿ ವಿಚಾರ ಓದಿದರು, ಅಧಿಕೃತ ಸೆಂಟರ್‌ನಲ್ಲೇ ತಮ್ಮ ಖರ್ಚಿನಲ್ಲಿ ಮಾಡಿಸಿಕೊಡಲು ಒಪ್ಪಿದರು. ಗಾಡಿ ಕೊಡುವ ದಿನ ಒಂದು ಕಾಗದ ಮುಂದಿಟ್ಟರು, ಇನ್ನು ಮುಂದೆ ಯಾವ ತಕರಾರೂ ಇಲ್ಲ ಅಂತ ಬರೆದಿತ್ತು. "ಸೈನ್ ಹಾಕಿ ಸಾರ್, ಕೀ ತಗೊಳ್ಳಿ." ಕೀ ಮೊದಲು ಕೊಡಿ ಅಂದೆ. ಅವರ ಹುಡುಗನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಸಕಲೇಶಪುರ ದಾಟಿ ಗುಂಡ್ಯದವರೆಗೆ ಇಳಿದು, ತಿರುಗಿಸಿ, ಏಸಿ ಹಾಕಿಕೊಂಡೇ ಘಾಟಿ ಹತ್ತಿಸಿದೆ. ಮಾರನಹಳ್ಳಿಯಲ್ಲಿ ನಿಲ್ಲಿಸಿ, ಆರಿದ ಮೇಲೆ ಮುಚ್ಚಳ ತೆಗೆದು ಅವನಿಗೂ ತೋರಿಸಿದೆ. ನೊರೆ ಇರಲಿಲ್ಲ. ಹಾಸನಕ್ಕೆ ಬಂದು ಸಹಿ ಹಾಕಿದೆ, ಸಹಿಯ ಪಕ್ಕ ಮೀಟರ್ ರೀಡಿಂಗ್ ಬರೆದು, "ಈಗ ಮಾಡಿದ ರಿಪೇರಿಗೆ ಮಾತ್ರ" ಅಂತ ಸೇರಿಸಿ.