ಮಗ್ಗುಲು ಹೊರಳಿದರೆ ತಿರುಗುವ ಮನೆ

ಶಿರಸಿ ಸೀಮೆಯ ಕೊನೆಗೌಡರೊಬ್ಬರು, ಅಂದರೆ ಮರ ಹತ್ತಿ ಅಡಿಕೆಗೊನೆ ಇಳಿಸುವವರು, ಮಗನ ಭುಜ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಅಡಿಕೆ ಕೊಯ್ಲು ಆಗಷ್ಟೇ ಶುರುವಾಗಿತ್ತು. "ಡಾಕ್ಟರೇ, ಕೊನೆ ನೋಡಲೆಂದು ತಲೆ ಎತ್ತಿದರೆ ಸಾಕು, ತೋಟವೇ ತಿರುಗುತ್ತದೆ. ಮರ ಹತ್ತುವುದು ಹೇಗೆ?" ಎಂದರು. ಕೈಚೀಲದಲ್ಲಿ ಕುತ್ತಿಗೆಯ ಎಕ್ಸ್‌ರೇ, ರಕ್ತಪರೀಕ್ಷೆಯ ಚೀಟಿ, ಮೂರು ಬಗೆಯ ಮಾತ್ರೆ. ಮನೆಯವರು ಪಿತ್ತ ಎಂದಿದ್ದರು. ಒಬ್ಬರು ಬಿಪಿ ಎಂದರೆ, ಇನ್ನೊಬ್ಬರು ಮೂಳೆ ಸವೆದಿದೆ ಎಂದು ಕುತ್ತಿಗೆಗೆ ಪಟ್ಟಿ ಹಾಕಿಸಿದ್ದರು.

ಕಿವಿ, ಮೂಗು, ಗಂಟಲಿನ ವೈದ್ಯನಾದ ನಾನೂ ವೃತ್ತಿಯ ಮೊದಲ ವರ್ಷಗಳಲ್ಲಿ ಇಂಥವರಿಗೆ ಅದೇ ಮಾತ್ರೆಗಳನ್ನು ಬರೆದು ಕಳುಹಿಸಿದ್ದೇನೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ಮಾತ್ರೆಗಳು ವಾಕರಿಕೆಯನ್ನು ತುಸು ತಗ್ಗಿಸುತ್ತವೆ, ಮಂಪರು ತರಿಸುತ್ತವೆ. ರೋಗದ ಮೂಲವನ್ನು ಅವು ಮುಟ್ಟುವುದೇ ಇಲ್ಲ.

ನಮ್ಮಲ್ಲಿ ತಲೆಸುತ್ತು ಎಂಬ ಒಂದೇ ಮಾತಿನಲ್ಲಿ ಹಲವು ತೊಂದರೆಗಳು ಸೇರಿಹೋಗಿವೆ. ಥಟ್ಟನೆ ಎದ್ದು ನಿಂತಾಗ ಕಣ್ಣು ಕತ್ತಲಿಡುವುದು ಒಂದು, ನಡೆಯುವಾಗ ತೇಲಿದಂತಾಗುವುದು ಇನ್ನೊಂದು. ಮಲಗಿದಲ್ಲೇ ಗೋಡೆಗಳು ಗಿರ್ರನೆ ತಿರುಗುವುದು ಬೇರೆಯೇ. ಹಾಗಾಗಿ ಈಗ ನಾನು ಮೊದಲು ಕೇಳುವುದು ಇದನ್ನೇ: "ರಾತ್ರಿ ಮಗ್ಗುಲು ಬದಲಿಸಿದಾಗ ಏನಾಗುತ್ತದೆ?" ಗೌಡರು ಕೂಡಲೇ ಹೇಳಿದರು, "ಬಲಕ್ಕೆ ಹೊರಳಿದರೆ ಮನೆ ತಿರುಗುತ್ತದೆ. ಕಣ್ಣು ಮುಚ್ಚಿ ಹತ್ತಿಪ್ಪತ್ತು ಎಣಿಸುವಷ್ಟರಲ್ಲಿ ನಿಲ್ಲುತ್ತದೆ." ಅರ್ಧ ರೋಗನಿರ್ಣಯ ಅಲ್ಲಿಗೇ ಆಯಿತು: ತೊಂದರೆ ಒಳಕಿವಿಯದು.

ಒಳಕಿವಿಯಲ್ಲಿ ಮೂರು ಬಾಗಿದ ನಾಳಗಳಿವೆ. ಗಾರೆಯವರ ರಸಮಟ್ಟದ ಹಾಗೆ ಅವುಗಳಲ್ಲೂ ದ್ರವ ತುಂಬಿರುತ್ತದೆ. ತಲೆ ತಿರುಗಿದಾಗ ಆ ದ್ರವದ ಚಲನೆಯಿಂದ ಮೆದುಳಿಗೆ ಸುದ್ದಿ ಮುಟ್ಟುತ್ತದೆ. ಪಕ್ಕದ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ, ಅಂದರೆ ಸುಣ್ಣದ ಕಲ್ಲಿನ ಜಾತಿಯ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಅಂಟಿನ ಪದರದ ಮೇಲೆ ಕೂತಿರುತ್ತವೆ. ವಯಸ್ಸಾದಂತೆ, ಇಲ್ಲವೇ ತಲೆಗೆ ಪೆಟ್ಟು ಬಿದ್ದಾಗ, ಎಷ್ಟೋ ಸಲ ಕಾರಣವೇ ತಿಳಿಯದೆ, ಕೆಲವು ಹರಳುಗಳು ಕಳಚಿಕೊಂಡು ನಾಳಕ್ಕೆ ಜಾರುತ್ತವೆ. ಹೆಚ್ಚಾಗಿ ಹಿಂಬದಿಯ ನಾಳಕ್ಕೆ, ಏಕೆಂದರೆ ಅದೇ ತಗ್ಗಿನಲ್ಲಿದೆ. ಆಮೇಲೆ ತಲೆ ನಿಂತರೂ ಹರಳು ಜಾರುತ್ತಲೇ ಇರುತ್ತದೆ, ದ್ರವವನ್ನೂ ಎಳೆಯುತ್ತದೆ. ತಲೆ ಇನ್ನೂ ತಿರುಗುತ್ತಿದೆ ಎಂದು ಮೆದುಳು ನಂಬುತ್ತದೆ.

ಖಚಿತಪಡಿಸಿಕೊಳ್ಳಲು 1952ರಲ್ಲಿ ಲಂಡನ್ನಿನ ವೈದ್ಯರಾದ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದ ಪರೀಕ್ಷೆ ಸಾಕು. ಯಂತ್ರ ಬೇಡ, ಒಂದು ಮಂಚ ಬೇಕು. ಗೌಡರನ್ನು ಕೂರಿಸಿ, ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಎರಡೂ ಕೈಯಲ್ಲಿ ಹಿಡಿದು ಬೇಗನೆ ಹಿಂದಕ್ಕೆ ಮಲಗಿಸಿದೆ. ತಲೆ ಮಂಚದ ಅಂಚಿನಿಂದ ತುಸು ಕೆಳಗೆ ಬಾಗಿತ್ತು. "ಏನೇ ಆದರೂ ಕಣ್ಣು ಮುಚ್ಚಬೇಡಿ" ಎಂದಿದ್ದೆ. ಒಂದು, ಎರಡು, ಮೂರು ಸೆಕೆಂಡು ಏನೂ ಇಲ್ಲ. ಅವಸರದವರು ಇಲ್ಲಿಯೇ ಎಡವುತ್ತಾರೆ, ಏನೂ ಇಲ್ಲವೆಂದು ಎಬ್ಬಿಸಿಬಿಡುತ್ತಾರೆ. ನಾಲ್ಕನೆಯ ಸೆಕೆಂಡಿಗೆ ಎರಡೂ ಕಣ್ಣುಗಳು ಒಮ್ಮೆಲೇ ಅದುರತೊಡಗಿದವು: ಕೆಳಗಿದ್ದ ಬಲಗಿವಿಯ ಕಡೆಗೆ ತಿರುಚುತ್ತ, ಜೊತೆಗೆ ಹಣೆಯ ಕಡೆಗೆ ನೆಗೆಯುತ್ತ. ಗೌಡರು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದರು. ಅರ್ಧ ನಿಮಿಷದೊಳಗೆ ಕಣ್ಣು ತಾನಾಗಿಯೇ ತಣ್ಣಗಾಯಿತು.

ಕಣ್ಣು ನೇರ ಕೆಳಕ್ಕೆ ಅದುರಿದ್ದರೆ, ಅದುರುವುದು ನಿಲ್ಲದಿದ್ದರೆ, ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ನಾನು ಮುಂದುವರಿಯುವುದಿಲ್ಲ. ಅದು ಮೆದುಳಿನ ತೊಂದರೆ ಇರಬಹುದು. ತಡಮಾಡದೆ ದೊಡ್ಡಾಸ್ಪತ್ರೆಗೆ ಕಳುಹಿಸುತ್ತೇನೆ.

ಇಲ್ಲಿ ಅಂಥದ್ದೇನೂ ಇರಲಿಲ್ಲ. ಹಾಗಾಗಿ ಅಲ್ಲಿಂದಲೇ ಎಪ್ಲೆ ವಿಧಾನ ಶುರುಮಾಡಿದೆ. ಅಮೆರಿಕದ ವೈದ್ಯ ಜಾನ್ ಎಪ್ಲೆ ಇದನ್ನು 1992ರಲ್ಲಿ ಪ್ರಕಟಿಸಿದರು. ತಲೆ ತಿರುಗಿಸಿ ತಲೆಸುತ್ತು ವಾಸಿಮಾಡುವುದನ್ನು ಅವರ ಸಹವೈದ್ಯರೇ ಬಹುಕಾಲ ನಂಬಿರಲಿಲ್ಲ. ಮಾಡುವುದು ಇಷ್ಟೇ: ಹರಳು ನಾಳದ ತಿರುವಿನಲ್ಲಿ ತನ್ನ ಭಾರಕ್ಕೇ ಉರುಳಿ ಹಳೆಯ ಚೀಲ ಸೇರುವಂತೆ ತಲೆಯನ್ನು ಹಂತಹಂತವಾಗಿ ತಿರುಗಿಸುವುದು. ಕಣ್ಣು ನಿಂತ ಮೇಲೂ ಅರ್ಧ ನಿಮಿಷ ಕಾದೆ. ಬಳಿಕ ತಲೆಯನ್ನು ಎಡಕ್ಕೆ 90 ಡಿಗ್ರಿ ಹೊರಳಿಸಿ ಮತ್ತೆ ಕಾದೆ. ಆಮೇಲೆ ಇಡೀ ದೇಹವನ್ನು ಎಡಮಗ್ಗುಲಿಗೆ ತಿರುಗಿಸಿ, ಮೂಗು ನೆಲದತ್ತ ಬರುವಂತೆ ಮಾಡಿದೆ. ಇಲ್ಲಿ ಮತ್ತೊಮ್ಮೆ ಸುತ್ತು ಬಂತು, ವಾಂತಿಯೂ ಆಯಿತು. ಅದಕ್ಕೆಂದೇ ಮಂಚದ ಬಳಿ ಬೋಗುಣಿ ಇಟ್ಟಿರುತ್ತೇನೆ. ಕೊನೆಗೆ ಗದ್ದ ತಗ್ಗಿಸಿ, ಕಾಲು ಕೆಳಗಿಳಿಸಿ ಮೆಲ್ಲಗೆ ಕೂರಿಸಿದೆ. ಕೂತೊಡನೆ ಭುಜ ಬಿಡಬಾರದು. ಕೆಲವರು ಆಗ ಮುಂದಕ್ಕೆ ಮುಗ್ಗರಿಸುತ್ತಾರೆ.

ಹದಿನೈದು ನಿಮಿಷ ಬಿಟ್ಟು ಮತ್ತೆ ಮಲಗಿಸಿ ನೋಡಿದೆ. ಕಣ್ಣು ಅಲುಗಲಿಲ್ಲ. ಗೌಡರು ಚಾವಣಿಯ ಫ್ಯಾನನ್ನೇ ನೋಡುತ್ತ, "ಇನ್ನೂ ಬಂದಿಲ್ಲ" ಎಂದು ಕಾಯುತ್ತಿದ್ದರು.

ಎಲ್ಲರಿಗೂ ಒಂದೇ ಸಲಕ್ಕೆ ಗುಣವಾಗುವುದಿಲ್ಲ, ಎರಡು ಮೂರು ಸಲ ಬೇಕಾದವರೂ ಇದ್ದಾರೆ. ಹರಳು ಅಡ್ಡನಾಳದಲ್ಲಿದ್ದರೆ ತಿರುಗಿಸುವ ಕ್ರಮವೇ ಬೇರೆ. ಕುತ್ತಿಗೆ ಗಟ್ಟಿಯಾಗಿ ಹಿಡಿದವರಿಗೆ, ಕುತ್ತಿಗೆಯ ರಕ್ತನಾಳದ ರೋಗವಿದ್ದವರಿಗೆ ಹೀಗೆ ಬಾಗಿಸುವುದಿಲ್ಲ. ಮೊಬೈಲ್ ನೋಡಿ ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂದು ಬಹಳ ಜನ ಕೇಳುತ್ತಾರೆ. ತಿಳಿದವರು ಒಮ್ಮೆ ಪರೀಕ್ಷಿಸಿ, ಯಾವ ಕಿವಿ, ಯಾವ ನಾಳ ಎಂದು ಗುರುತಿಸಿ, ಕಲಿಸಿದ ಮೇಲೆ ಮಾಡಿಕೊಳ್ಳಬಹುದು. ಅದಕ್ಕೆ ಮೊದಲು ಬೇಡ.

ಒಂದು ವಾರ ಮರ ಹತ್ತಬೇಡಿ ಎಂದು ಗೌಡರಿಗೆ ಖಡಾಖಂಡಿತವಾಗಿ ಹೇಳಿದೆ. ಕೊಯ್ಲಿನ ದಿನಗಳಲ್ಲಿ ಅದು ಸಣ್ಣ ಮಾತಲ್ಲ, ಆದರೂ ಕೇಳಿದರು. ವಾರದ ಬಳಿಕ ಎರಡೂ ಕಡೆ ಪರೀಕ್ಷಿಸಿ ಒಪ್ಪಿಗೆ ಕೊಟ್ಟೆ. ಈ ತೊಂದರೆ ಮರುಕಳಿಸಬಹುದು ಎಂದೂ ತಿಳಿಸಿದ್ದೆ. ಮುಂದಿನ ವರ್ಷ ಮಳೆಗಾಲದಲ್ಲಿ ಅವರು ಒಬ್ಬರೇ ಬಂದರು. ಕೈಯಲ್ಲಿ ಎಕ್ಸ್‌ರೇ ಚೀಲ ಇರಲಿಲ್ಲ. ಮಂಚದ ಮೇಲೆ ಕೂತು, ಚಪ್ಪಲಿ ಬಿಟ್ಟು, "ಈ ಸಲ ಎಡಗಿವಿ, ಡಾಕ್ಟರೇ" ಎಂದರು. ಮಲಗಿಸಿ ನೋಡಿದೆ. ಎಡಗಿವಿಯೇ.