ಸುರಂಗ ಬಾವಿಗೆ ಎಷ್ಟು ಹೆಸರು: ಆನ್‌ಲೈನ್‌ನಲ್ಲಿ ಆಕರ ಹುಡುಕಿದ ನನ್ನ ಅನುಭವ

2017ರ ಬೇಸಿಗೆ. ವಿಜಯಪುರದ ಪದವಿ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ ನಾನು ಆದಿಲ್‌ಶಾಹಿ ಕಾಲದ ನೀರಿನ ವ್ಯವಸ್ಥೆಯ ಮೇಲೆ ಎಂ.ಫಿಲ್. ಪ್ರಬಂಧ ಬರೆಯಲು ಕುಳಿತಿದ್ದೆ. ತೊರವಿ ಕಡೆಯಿಂದ ನೆಲದೊಳಗೆ ಊರಿಗೆ ನೀರು ತರುತ್ತಿದ್ದ ಸುರಂಗ ಬಾವಿಗಳನ್ನು ಚಿಕ್ಕಂದಿನಿಂದ ನೋಡಿದವನು ನಾನು. ‘ಸುರಂಗ ಬಾವಿ ವಿಜಯಪುರ’ ಎಂದು ಗೂಗಲ್‌ಗೆ ಕೊಟ್ಟೆ. ಕೆಲವು ಪತ್ರಿಕಾ ವರದಿಗಳು, ಒಂದೇ ಪ್ಯಾರಾ ಹತ್ತು ಕಡೆ ನಕಲಾಗಿದ್ದ ಪ್ರವಾಸಿ ಪುಟಗಳು, ಅಷ್ಟೇ. ಹದಿನೈದು ದಿನ ಹೀಗೇ ಕಳೆದು, ಈ ವಿಷಯದ ಮೇಲೆ ಯಾರೂ ಕೆಲಸ ಮಾಡಿಲ್ಲ ಎಂದು ಮಾರ್ಗದರ್ಶಕರಿಗೆ ಬರೆದು ಕೊಟ್ಟೂಬಿಟ್ಟೆ.

ಕೆಲಸ ಆಗಿತ್ತು, ಬಹಳ ಹಿಂದೆಯೇ ಆಗಿತ್ತು. ನನಗೆ ಗೊತ್ತಿಲ್ಲದ ಹೆಸರುಗಳಲ್ಲಿ ಆಗಿತ್ತು.

ದಖ್ಖನಿನ ಕೋಟೆಗಳ ಕುರಿತ ಒಂದು ಇಂಗ್ಲಿಷ್ ಲೇಖನದ ಅಡಿಟಿಪ್ಪಣಿಯಲ್ಲಿ ‘ಕರೇಜ್’ ಎಂಬ ಪದ ಕಣ್ಣಿಗೆ ಬಿತ್ತು. ಇರಾನಿನಲ್ಲಿ ಇಂಥ ನೆಲದಡಿಯ ಕಾಲುವೆಗೆ ಕನಾತ್ ಎನ್ನುತ್ತಾರೆ, ಕರೇಜ್ ಎಂದೂ ಹೇಳುತ್ತಾರೆ. ನಮ್ಮ ಸುರಂಗ ಬಾವಿಯೂ ಅದೇ ಜಾತಿಯದು. ಕನಾತ್‌ನಲ್ಲೂ ಒಂದು ತೊಡಕಿದೆ: ಇಂಗ್ಲಿಷಿನಲ್ಲಿ ಕೆಲವರು ‘ಕೆ’ಯಿಂದ ಬರೆಯುತ್ತಾರೆ, ಹೆಚ್ಚಿನವರು ‘ಕ್ಯೂ’ನಿಂದ. ಮೂರೂ ರೂಪಗಳನ್ನು ಒಂದೊಂದಾಗಿ ಬಿಜಾಪುರದ ಜೊತೆ ಸೇರಿಸಿ, ಸಂಶೋಧನಾ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದ ಆ ರಾತ್ರಿ ನಾನು ಊಟಕ್ಕೆ ಎದ್ದದ್ದು ಹನ್ನೊಂದೂವರೆಗೆ. ಸಿಕ್ಕವುಗಳಲ್ಲಿ ದೊಡ್ಡದು ಕ್ಲಾಸ್ ರೋಟ್ಜರ್ 1984ರಲ್ಲಿ ಬರೆದ ದೀರ್ಘ ಅಧ್ಯಯನ. ನಮ್ಮೂರಿಗೆ ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ ನೀರು ಹೇಗೆ ಬರುತ್ತಿತ್ತು ಎಂಬುದೇ ಅದರ ವಿಷಯ. ಇರುವುದು ಫ್ರೆಂಚ್ ಭಾಷೆಯಲ್ಲಿ! ಫ್ರಾನ್ಸಿನ ‘ಪೆರ್ಸೆ’ ಎಂಬ ತಾಣದಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ನನಗೆ ಫ್ರೆಂಚ್ ಬರುವುದಿಲ್ಲ. ಒಂದೊಂದೇ ಪ್ಯಾರಾ ಅನುವಾದ ಯಂತ್ರಕ್ಕೆ ಹಾಕಿ, ಅನುಮಾನ ಬಂದ ಕಡೆ ಪೆನ್ಸಿಲ್ ಗುರುತು ಮಾಡುತ್ತ ಒಂದು ತಿಂಗಳು ಓದಿದೆ.

ಅಲ್ಲಿಂದ ನನ್ನ ಹುಡುಕುವ ರೀತಿಯೇ ಬದಲಾಯಿತು. ಈಗ ಯಾವ ವಿದ್ಯಾರ್ಥಿ ಬಂದು “ಸರ್, ಏನೂ ಸಿಗವಲ್ದ್ರೀ” ಅಂದರೂ ನಾನು ಮೊದಲು ಕೇಳುವುದು “ಯಾವ ಹೆಸರಿಲೆ ಹುಡುಕಿದಿ?” ಅಂತ. ನೀರಿನ ಒತ್ತಡ ತಗ್ಗಿಸಲು ಕಟ್ಟಿದ ಎತ್ತರದ ಗೋಪುರಗಳಿಗೆ ನಮ್ಮಲ್ಲಿ ಗಂಜ್ ಎನ್ನುತ್ತಾರೆ. ಅದನ್ನೊಂದೇ ಹುಡುಕಿದರೆ ಕಾಳುಕಡಿ ಮಾರುವ ಗಂಜುಗಳೆಲ್ಲ ಸಾಲಾಗಿ ಬರುತ್ತವೆ. ಜೊತೆಗೆ ‘ವಾಟರ್ ಟವರ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿ, ಎರಡಕ್ಕೂ ಬೇರೆ ಬೇರೆ ಉದ್ಧರಣ ಚಿಹ್ನೆ ಹಾಕಿದಾಗ ದಾರಿ ತಿಳಿಯಾಗುತ್ತದೆ.

ಊರ ಹೆಸರಿನ ವಿಚಾರ ಇನ್ನೂ ಸೂಕ್ಷ್ಮ. ನಮ್ಮ ಊರು ಅಧಿಕೃತವಾಗಿ ವಿಜಯಪುರ ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಬರಹ ಹೆಚ್ಚಿನದೆಲ್ಲ ಬಿಜಾಪುರದ ಹೆಸರಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷರು ‘ಬೀಜಾಪೂರ್’ ಎಂದು ಎರಡು ‘ಇ’, ಎರಡು ‘ಒ’ ಹಾಕಿ ಬರೆದದ್ದೂ ಉಂಟು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಬಾದಾಮಿ, ಹುನಗುಂದ, ಜಮಖಂಡಿಯ 1991ರ ಜನಗಣತಿ ಅಂಕಿಗಳನ್ನು ಬಾಗಲಕೋಟೆ ಜಿಲ್ಲೆಯ ಕೆಳಗೆ ಹುಡುಕಿದರೆ ಸಿಗುವುದಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಜಿಲ್ಲೆಯ ಹೆಸರೇ ಕಲಾದಗಿ. ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದದ್ದು 1885ರಲ್ಲಿ. 1876-78ರ ಬರದ ಮೇಲೆ ಕೆಲಸ ಮಾಡಲು ಹೊರಟ ನನ್ನ ಒಬ್ಬ ವಿದ್ಯಾರ್ಥಿನಿ ಎರಡು ತಿಂಗಳು ‘ಬಿಜಾಪುರ ಬರ’ ಎಂದು ಹುಡುಕಿ ಸೋತಿದ್ದಳು. ಕಲಾದಗಿ ಎಂದು ಹಾಕಿದ ದಿನವೇ ಸರ್ಕಾರಿ ವರದಿಗಳು ಕಾಣಿಸತೊಡಗಿದವು. “ಸರ್, ನಮ್ಮ ಅಜ್ಜಿ ಊರ ಹೆಸರೂ ಐತ್ರೀ ಇದರಾಗ” ಎಂದು ಫೋನಿನಲ್ಲಿ ಹೇಳುವಾಗ ಅವಳ ದನಿ ನಡುಗುತ್ತಿತ್ತು.

ಈ ಭಾಗದ ಯಾವ ವಿದ್ಯಾರ್ಥಿಯೂ ಬಿಡಬಾರದ ಆಕರ ಮುಂಬಯಿ ಪ್ರಾಂತದ ಗ್ಯಾಝೆಟಿಯರ್, ಅಂದರೆ ಬ್ರಿಟಿಷ್ ಸರ್ಕಾರ ಜಿಲ್ಲೆಗಳ ವಿವರ ಕೂಡಿಸಿ ಇಂಗ್ಲಿಷಿನಲ್ಲಿ ತಂದ ಪುಸ್ತಕಮಾಲೆ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಈ ಮಾಲೆಯ 21ನೇ ಸಂಪುಟ ಬೆಳಗಾವಿಯದು, 23ನೆಯದು ಬಿಜಾಪುರದ್ದು, ಎರಡೂ 1884ರವು. ಹಳೆಯ ಪುಸ್ತಕಗಳನ್ನು ಉಚಿತವಾಗಿ ಓದಲು ಕೊಡುವ ಆರ್ಕೈವ್ ಡಾಟ್ ಆರ್ಗ್ ತಾಣದಲ್ಲಿ ಇಡಿಯಾಗಿ ಸಿಗುತ್ತವೆ. ಬೆಳೆ, ಬಾವಿ, ಸಂತೆ, ಜಾತ್ರೆ, ಶಾಸನ, ಒಂದೊಂದು ಊರಿನ ವಿವರ, ಎಲ್ಲ ಉಂಟು. ಆಳುವವರ ಕಣ್ಣಿನಿಂದ ಬರೆದದ್ದು ಎಂಬ ಎಚ್ಚರ ಇಟ್ಟುಕೊಂಡೇ ಓದಬೇಕು, ಜಾತಿಗಳ ಬಗ್ಗೆ ಬರೆದ ಪುಟಗಳನ್ನಂತೂ ಇನ್ನೂ ಹೆಚ್ಚಿನ ಎಚ್ಚರದಿಂದ. ಇದರೊಳಗೆ ಹುಡುಕಲು ನಾನು ಬಹಳ ತಡವಾಗಿ ಕಲಿತ ಒಂದು ಗುಟ್ಟಿದೆ. ಆ ಪುಸ್ತಕಗಳಲ್ಲಿ ದೀರ್ಘ ಸ್ವರ ತೋರಿಸಲು ಇಂಗ್ಲಿಷಿನ ‘ಎ’ ಅಕ್ಷರದ ಮೇಲೆ ಓರೆ ಗೆರೆ ಎಳೆದಿದ್ದಾರೆ. ಚಿತ್ರವನ್ನು ಅಕ್ಷರವಾಗಿ ಓದುವ ಯಂತ್ರ ಗೆರೆಯುಳ್ಳ ಆ ‘ಎ’ಯನ್ನು ಎಷ್ಟೋ ಕಡೆ ‘ಡಿ’ ಎಂದು ಓದಿದೆ. ಬಿಜಾಪುರದ ನಡುವೆ ‘ಎ’ ಇರಬೇಕಾದಲ್ಲಿ ‘ಡಿ’ ಕೂತಿದೆ, ಬಾದಾಮಿಯಲ್ಲಿ ಎರಡು ಕಡೆ ಕೂತಿದೆ. ಪುಟದಲ್ಲಿ ಕಣ್ಣಿಗೆ ಕಾಣುವ ಊರು ಹುಡುಕಾಟಕ್ಕೆ ಸಿಗದಿರಲು ಇದೇ ಕಾರಣ. ತಪ್ಪು ಅಕ್ಷರವನ್ನೇ ಹಾಕಿ ಇನ್ನೊಮ್ಮೆ ಹುಡುಕಿ ನೋಡಿ.

ಕನ್ನಡ ಪುಸ್ತಕಗಳದು ಬೇರೆ ಗೋಳು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು ದೊಡ್ಡ ಸಂಖ್ಯೆಯಲ್ಲಿ ಅದೇ ಆರ್ಕೈವ್ ತಾಣದಲ್ಲಿವೆ. ಆದರೆ ಹೆಸರುಗಳು ರೋಮನ್ ಲಿಪಿಯಲ್ಲಿ, ನಮೂದಿಸಿದವರು ಕೇಳಿಸಿಕೊಂಡಂತೆ. ಇದೇ ಊರಿನಲ್ಲಿದ್ದು, ಮುದ್ರಣಾಲಯ ಹಾಕಿ ವಚನಗಳನ್ನು ಅಚ್ಚು ಮಾಡಿದ ಫ.ಗು. ಹಳಕಟ್ಟಿಯವರನ್ನೇ ತೆಗೆದುಕೊಳ್ಳಿ. ಅವರ ಮೊದಲಕ್ಷರ ಒಂದು ಕಡೆ ‘ಪಿ’, ಇನ್ನೊಂದು ಕಡೆ ‘ಎಫ್’. ಹಳಕಟ್ಟಿಯ ನಡುವಿನ ‘ಎ’ ಕೆಲವರಲ್ಲಿ ಇದೆ, ಕೆಲವರಲ್ಲಿ ಬಿಟ್ಟುಹೋಗಿದೆ. ನಾಲ್ಕಾರು ಥರ ಬರೆದು ನೋಡದೆ ಅವರ ಪುಸ್ತಕ ಇಲ್ಲ ಎನ್ನಬಾರದು. ವಚನವೊಂದರ ಸಾಲು ಯಾರದೆಂದು ತಿಳಿಯಲು ಮಾತ್ರ ಇಷ್ಟು ಕಷ್ಟಪಡಬೇಕಿಲ್ಲ. ‘ವಚನ ಸಂಚಯ’ ತಾಣದಲ್ಲಿ ಕನ್ನಡದಲ್ಲೇ ಒಂದು ಪದ ಬರೆದರೆ ಆ ಪದ ಬರುವ ವಚನಗಳು ಕಾಣುತ್ತವೆ.

ಶೋಧಗಂಗಾ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ನನ್ನ ವಿದ್ಯಾರ್ಥಿಗಳಿಗೆ ಅತಿ ಹೆಚ್ಚು ಉಪಯೋಗವಾದದ್ದು ಅದೇ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಪ್ರಬಂಧ ಒಂದೇ ಕಡತವಾಗಿ ಇರುವುದಿಲ್ಲ, ಅಧ್ಯಾಯಕ್ಕೊಂದು ಪಿಡಿಎಫ್. ಹುಡುಗರು ಮೊದಲ ಅಧ್ಯಾಯದಿಂದ ಓದಲು ಹೊರಟು ಅಲ್ಲೇ ಸುಸ್ತಾಗುತ್ತಾರೆ. ನಾನು ಮೊದಲು ತೆರೆಯುವುದು ಕೊನೆಯ ಕಡತ, ಅಂದರೆ ಗ್ರಂಥಋಣ. ಯಾರೋ ನಾಲ್ಕೈದು ವರ್ಷ ಬೆವರು ಸುರಿಸಿ ಕೂಡಿಸಿದ ಪಟ್ಟಿ ಅದು. ನಿಮ್ಮ ವಿಷಯಕ್ಕೆ ಹತ್ತಿರದ ಮೂರು ಪ್ರಬಂಧಗಳ ಗ್ರಂಥಋಣ ಪಕ್ಕದಲ್ಲಿಟ್ಟು, ಮೂರರಲ್ಲೂ ಬರುವ ಹೆಸರಿಗೆ ಗೆರೆ ಹಾಕಿ. ಅಲ್ಲಿಂದ ಓದು ಶುರುವಾಗಲಿ. ಇನ್ನೊಂದು ಮಾತು: ಕನ್ನಡದ ಅನೇಕ ಪ್ರಬಂಧಗಳು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪಾದವು. ಪರದೆಯ ಮೇಲೆ ಚೆಂದದ ಕನ್ನಡ ಕಾಣುತ್ತದೆ, ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಬೀಳುತ್ತವೆ. ಹಾಗಾಗಿ ಇಂದು ಫೋನು, ಕಂಪ್ಯೂಟರಿನಲ್ಲಿ ನಾವು ಬರೆಯುವ ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೆ ಒಳಗಿನ ಪದಗಳು ಸಿಗುವುದಿಲ್ಲ. ಶೀರ್ಷಿಕೆ, ವಿಭಾಗ, ವಿಶ್ವವಿದ್ಯಾಲಯ ಹಿಡಿದು ಹೋಗಬೇಕು. ಧಾರವಾಡ, ಹಂಪಿ, ಬೆಳಗಾವಿಯ ಕನ್ನಡ ಮತ್ತು ಇತಿಹಾಸ ವಿಭಾಗಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರೂ ನಷ್ಟವಿಲ್ಲ.

ದುಡ್ಡು ಕೇಳುವ ಲೇಖನ ಎದುರಾದಾಗ ಹೆದರಿ ಬಿಡಬೇಡಿ. ಸ್ಕಾಲರ್‌ನಲ್ಲಿ ಲೇಖನದ ಕೆಳಗೆ ‘ಎಲ್ಲ ಆವೃತ್ತಿಗಳು’ ಎಂಬ ಕೊಂಡಿ ಇರುತ್ತದೆ. ಲೇಖಕರೇ ಬೇರೆ ಕಡೆ ಹಾಕಿದ ಉಚಿತ ಪ್ರತಿ ಬಹಳ ಸಲ ಅಲ್ಲಿ ಸಿಕ್ಕಿದೆ. ಸಂಶೋಧನಾ ಲೇಖನಗಳ ಭಂಡಾರವಾದ ಜೆಸ್ಟೋರ್ ತಾಣದಲ್ಲಿ ಸ್ವಂತ ಹೆಸರಿನಲ್ಲಿ ನೋಂದಾಯಿಸಿದರೆ ತಿಂಗಳಿಗೆ 100 ಲೇಖನ ಪರದೆಯ ಮೇಲೆ ಓದಬಹುದು. ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ 2025ರ ಜನವರಿಯಿಂದ ‘ಒಂದು ದೇಶ ಒಂದು ಚಂದಾ’ ಯೋಜನೆಯಲ್ಲಿ ಸುಮಾರು 13,000 ಸಂಶೋಧನಾ ಪತ್ರಿಕೆಗಳು ತೆರೆದಿವೆ. ನಿಮ್ಮ ಗ್ರಂಥಪಾಲಕರನ್ನು ಕೇಳಿ ಲಾಗಿನ್ ಪಡೆಯಿರಿ. ಕೇಳಲು ಸಂಕೋಚಪಟ್ಟು ಮೂರು ವರ್ಷ ಕಳೆದ ಮಕ್ಕಳನ್ನು ನಾನು ನೋಡಿದ್ದೇನೆ, ಬೇಸರವಾಗುತ್ತದೆ.

ಸಿಕ್ಕಿದ್ದೆಲ್ಲ ನಿಜವಲ್ಲ ಎಂಬುದನ್ನು ಪೆಟ್ಟು ತಿಂದೇ ಕಲಿತೆ. ನಮ್ಮೂರಿನ ಬೇಗಂ ತಲಾಬ್ ಕೆರೆಯನ್ನು ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ವರ್ಷ 1561 ಎಂದು ಒಂದು ತಾಣದಲ್ಲಿತ್ತು. ಹಾಗೇ ಬರೆದುಕೊಂಡೆ. ಮಾರ್ಗದರ್ಶಕರು ಕೆಂಪು ಗೆರೆ ಎಳೆದು “ಮುಹಮ್ಮದ್ ಆದಿಲ್‌ಶಾಹನ ಆಳ್ವಿಕೆ ಯಾವಾಗ ಶುರುವಾತು, ಹೇಳ್ರಿ” ಅಂದರು. 1627ರಿಂದ. ಕೆರೆ ಕಟ್ಟಿದ್ದು 1651ರಲ್ಲಿ. ಅಂಕಿ ಅದಲುಬದಲಾಗಿತ್ತು, ನಾನು ಯೋಚಿಸಲೇ ಇಲ್ಲ. ಆಮೇಲೆ ಒಂದು ಇಸವಿಗೆ ಎರಡು ಸ್ವತಂತ್ರ ಆಕರ ಸಿಗುವವರೆಗೆ ಬರೆಯುವುದಿಲ್ಲ. ಒಂದನ್ನೊಂದು ನಕಲು ಮಾಡಿದ ಎರಡು ಪುಟಗಳನ್ನು ಎರಡು ಆಕರ ಎಂದು ಎಣಿಸುವುದೂ ಇಲ್ಲ. ಕಳೆದ ವರ್ಷ ಒಬ್ಬ ವಿದ್ಯಾರ್ಥಿ ಎಐ ಕೊಟ್ಟ ಏಳು ಲೇಖನಗಳ ಪಟ್ಟಿ ತಂದ. ಲೇಖಕರ ಹೆಸರು, ಸಂಪುಟ, ಪುಟಸಂಖ್ಯೆ ಎಲ್ಲ ಇತ್ತು. ಇಬ್ಬರೂ ಕೂತು ಎರಡು ದಿನ ಹುಡುಕಿದೆವು. ನಾಲ್ಕು ಲೇಖನಗಳು ಎಲ್ಲೂ ಇರಲಿಲ್ಲ. ಒಂದು ವಿಷಯಕ್ಕೆ ಪರ್ಯಾಯ ಪದ, ಬೇರೆ ಕಾಗುಣಿತ ಕೇಳಲು ಎಐ ಒಳ್ಳೆಯದು, ನಾನೂ ಬಳಸುತ್ತೇನೆ. ಪುಟ ತೆರೆದು ಕಣ್ಣಾರೆ ನೋಡದ ಲೇಖನವನ್ನು ಗ್ರಂಥಋಣಕ್ಕೆ ಸೇರಿಸಲು ಮಾತ್ರ ಬಿಡುವುದಿಲ್ಲ.

ಇತಿಹಾಸಕ್ಕಷ್ಟೇ ಅಲ್ಲ ಈ ಹೆಸರಿನ ಮಾತು. ದಾಳಿಂಬೆ ಬೆಳೆಯುವ ಮನೆಯ ಹುಡುಗನೊಬ್ಬ ಅಂಗಮಾರಿ ರೋಗದ ಬಗ್ಗೆ ಕಿರು ಯೋಜನೆ ಬರೆಯಬೇಕಿತ್ತು. ರೋಗ ತರುವ ದುಂಡಾಣುವಿನ ವೈಜ್ಞಾನಿಕ ಹೆಸರು ‘ಕ್ಸಾಂಥೊಮೊನಾಸ್’ ಹಾಕಿ, ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿರುವ ‘ಕೃಷಿಕೋಶ’ದಲ್ಲಿ ಹುಡುಕು ಎಂದೆ. ವಾರದೊಳಗೆ ನನಗಿಂತ ಚೆನ್ನಾಗಿ ಹುಡುಕುತ್ತಿದ್ದ.

ನಮ್ಮ ಕಾಲೇಜಿನ ಗ್ರಂಥಾಲಯದ ಮೇಜಿನ ಮೇಲೆ ಈಗ ಒಂದು ಉದ್ದನೆಯ ರಿಜಿಸ್ಟರ್ ಇದೆ. ಪುಟಕ್ಕೆ ನಾಲ್ಕು ಖಾನೆ: ನಮ್ಮ ಜನ ಕರೆಯುವ ಹೆಸರು, ಇಂಗ್ಲಿಷರು ಬರೆದ ಕಾಗುಣಿತಗಳು, ವಿದ್ವಾಂಸರು ಬಳಸುವ ಪದ, ಫಾರ್ಸಿ ಅಥವಾ ಉರ್ದು ರೂಪ. ಯಾರಿಗೆ ಹೊಸದು ಸಿಕ್ಕರೂ ತಾರೀಖು ಹಾಕಿ ಬರೆಯುತ್ತಾರೆ. ತೊರವಿ, ತಾಜ್ ಬಾವಡಿ, ಕಲಾದಗಿ, ಹಲಸಂಗಿಯ ಸಾಲುಗಳು ತುಂಬಿವೆ. ನಾಲ್ಕನೆಯ ಖಾನೆ ಇನ್ನೂ ಬಹುತೇಕ ಖಾಲಿ. ಉರ್ದು ಓದಬಲ್ಲ ಇಬ್ಬರು ವಿದ್ಯಾರ್ಥಿನಿಯರು ಈ ದಸರಾ ರಜೆಯಲ್ಲಿ ಅದನ್ನು ತುಂಬಿಸಲು ಒಪ್ಪಿದ್ದಾರೆ. ಸುರಂಗ ಬಾವಿಯಿಂದಲೇ ಶುರು ಮಾಡುತ್ತಾರಂತೆ.